ಐವತ್ತು ಕಿಲೋಮೀಟರಿನ ದೂರ

ಹತ್ತು ವರ್ಷಕ್ಕೂ ಹಿಂದಿನ ಮಾತು. ರಾಮನಗರ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತಿದ್ದೆ. ಎರಡನೇ ವರ್ಷದ ಬಿ.ಎ. ಹುಡುಗನೊಬ್ಬ ತರಗತಿಗೆ ಬರುವುದನ್ನು ನಿಲ್ಲಿಸಿದ. ಮುಂದಿನ ಬೆಂಚಿನ ಜಾಣನೂ ಅಲ್ಲ, ಹಿಂದಿನ ಬೆಂಚಿನ ತುಂಟನೂ ಅಲ್ಲ. ಇದ್ದರೂ ಗೊತ್ತಾಗದ, ಇಲ್ಲದಿದ್ದರೂ ಗೊತ್ತಾಗದ ಹುಡುಗ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಎದುರು ಗೈರು ಎಂದು ಗುರುತು ಹಾಕುತ್ತಾ ಹೋದೆ. ಕೊನೆಗೆ ಹಾಜರಿ ಕೊರತೆಯ ನೋಟಿಸು ಮನೆಗೆ ಹೋಯಿತು. ಅದನ್ನು ಹಿಡಿದುಕೊಂಡು ಅವನ ತಾಯಿ ಕಾಲೇಜಿಗೆ ಬಂದರು.

"ಊಟ ಮಾಡಲ್ಲ ಸಾ, ಮಾತಾಡಲ್ಲ. ರಾತ್ರಿಯೆಲ್ಲ ಕಣ್ ಬಿಟ್ಕೊಂಡು ಮಲಗಿರ್ತಾನೆ. ಹುಳ ಜ್ವರಕ್ಕೆ ಕುಂತಂಗೆ ಕುಂತವ್ನೆ."

ನಮ್ಮ ಕಡೆಯ ರೇಷ್ಮೆ ಮನೆಗಳಲ್ಲಿ ಹುಳ ಪೊರೆ ಬಿಡುವ ಹೊತ್ತಿಗೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವುದರೊಳಗೆ ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಆಗ ಅದು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ನೋಡಿದ ತಕ್ಷಣ ಮನೆಯವರಿಗೆ ಗೊತ್ತಾಗುತ್ತದೆ. ಆ ತಾಯಿಗೂ ಗೊತ್ತಾಗಿತ್ತು. "ಹುಳ ಆದ್ರೆ ಒಂದ್ ದಿನಕ್ಕೆ ಏಳ್ತದೆ ಸಾ. ಇವನು ಎದ್ದೇ ಇಲ್ಲ" ಎಂದರು.

ನನಗೆ ತೋಚಿದ್ದು ಒಂದೇ. ಒಂದು ಚೀಟಿಯಲ್ಲಿ 'ನಿಮ್ಹಾನ್ಸ್, ಹೊಸೂರು ರಸ್ತೆ, ಬೆಂಗಳೂರು' ಎಂದು ಬರೆದುಕೊಟ್ಟೆ. ಅವರು ಅದನ್ನು ಓದಿಸಿಕೊಂಡು ಒಂದು ಗಳಿಗೆ ನನ್ನ ಮುಖ ನೋಡಿದರು. "ಹುಚ್ಚಾಸ್ಪತ್ರೆಗಾ ಸಾ?" ಎಂದರು. ಚೀಟಿಯನ್ನು ಮಡಿಸಿ ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡು ಹೊರಟರು. ಹುಡುಗ ಮತ್ತೆ ಕಾಲೇಜಿಗೆ ಬರಲಿಲ್ಲ. ನಾನು ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಆ ಒಂದು ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಊರು ಬೆಂಗಳೂರಿನಿಂದ ಹೆಚ್ಚೆಂದರೆ 50-60 ಕಿಲೋಮೀಟರು. ಬೆಳಿಗ್ಗೆ ಆರರ ಬಸ್ಸು ಹತ್ತಿದರೆ ಹೊತ್ತೇರುವ ಮೊದಲು ಊರು ಸೇರಬಹುದು. ನಮ್ಮ ಗೂಡು, ಹಾಲು, ಸೊಪ್ಪು, ಗೊಂಬೆ, ಕಲ್ಲು ಎಲ್ಲವೂ ಈ ದಾರಿಯಲ್ಲಿ ನಿತ್ಯ ಹೋಗುತ್ತವೆ. ದೇಶದಲ್ಲೇ ಹೆಸರಾದ ಮಾನಸಿಕ ಆರೋಗ್ಯ ಸಂಸ್ಥೆ ಈ ದಾರಿಯ ತುದಿಯಲ್ಲಿದೆ. ಹಾಗಿದ್ದೂ ನನ್ನ ವಿದ್ಯಾರ್ಥಿಗೆ ಅದೇಕೆ ಅಷ್ಟು ದೂರವಾಯಿತು? ಇತಿಹಾಸ ಹೇಳುವವನಾದ್ದರಿಂದ ಉತ್ತರವನ್ನೂ ಅಲ್ಲೇ ಹುಡುಕಿದೆ.

ಆ ತಾಯಿಯ ಬಾಯಲ್ಲಿ ಬಂದ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಬೆಂಗಳೂರಿನಲ್ಲಿ ಮನೋರೋಗಿಗಳಿಗೆಂದು ಒಂದು ಆಶ್ರಯ ಶುರುವಾದದ್ದು 1847ರ ಸುಮಾರಿಗೆ, ಮೈಸೂರು ಸೀಮೆ ಕಮಿಷನರ ಆಳ್ವಿಕೆಯಲ್ಲಿದ್ದಾಗ. ಆಗ ಅದರ ಹೆಸರು 'ಲುನಾಟಿಕ್ ಅಸೈಲಂ'. ಹೆಸರು ಹೇಗೋ ಕೆಲಸವೂ ಹಾಗೆಯೇ: ಊರಿಗೆ ತೊಂದರೆ ಎನಿಸಿದವರನ್ನು ಊರಿನಿಂದ ಬೇರೆ ಇಡುವುದು. ಅಲ್ಲಿಗೆ ಹೋದವರು ಬಹುಮಟ್ಟಿಗೆ ತಾವಾಗಿ ಹೋದವರಲ್ಲ, ಕಳಿಸಲ್ಪಟ್ಟವರು. 1925ರಲ್ಲಿ ಅಸೈಲಂ ಹೋಗಿ 'ಮಾನಸಿಕ ಆಸ್ಪತ್ರೆ' ಎಂಬ ಹೆಸರು ಬಂತು. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಆಸ್ಪತ್ರೆ ಹೊಸೂರು ರಸ್ತೆಯ ವಿಶಾಲ ಜಾಗಕ್ಕೆ ಬಂತು. ಡಾ. ಎಂ.ವಿ. ಗೋವಿಂದಸ್ವಾಮಿಯವರಂಥ ವೈದ್ಯರ ಕಾಲದಲ್ಲಿ ಅದು ಕಲಿಸುವ, ಸಂಶೋಧಿಸುವ ಸ್ಥಳವೂ ಆಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರ ಡಿಸೆಂಬರ್ 27ರಂದು ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ಇಂದಿನ ನಿಮ್ಹಾನ್ಸ್ ಆಯಿತು.

ಸರಕಾರಿ ಕಡತದಲ್ಲಿ ಹೆಸರು ಇಷ್ಟು ಸಲ ಬದಲಾದರೂ ಬಸ್ ಸ್ಟ್ಯಾಂಡಿನಲ್ಲಿ ಬದಲಾಗಲಿಲ್ಲ. ನಾನು ಓದುವಾಗ ಹಾಸ್ಟೆಲಿನಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ನಿಮ್ಹಾನ್ಸ್‌ಗೆ ಸೇರಿಸ್ರೋ ಇವನ್ನ" ಎನ್ನುವುದು ನಮ್ಮ ಮಾಮೂಲಿ ತಮಾಷೆ. ನಗುತ್ತಲೇ ಆಡಿದ ಮಾತು ಅದು. ಆದರೆ ಹಾಗೆ ನಕ್ಕವರ ನಡುವೆಯೇ ನಿಜವಾಗಿ ನಿದ್ದೆ ಬಾರದೆ ಒದ್ದಾಡುತ್ತಿದ್ದ ಹುಡುಗ ಇದ್ದರೆ, ಅವನು ಯಾರ ಹತ್ತಿರ ಬಾಯಿ ಬಿಡುತ್ತಾನೆ? ಕಾಯಿಲೆ ನೋಡಿಕೊಳ್ಳುವ ಮನೆಯ ಹೆಸರನ್ನೇ ನಾವು ಬೈಗುಳ ಮಾಡಿಟ್ಟಿದ್ದೆವು.

ರಾಮನಗರ, ಚನ್ನಪಟ್ಟಣಗಳು ಇರುವುದು ಬೆಂಗಳೂರು ಮೈಸೂರಿನ ನಡುವೆ. ಆಸ್ಪತ್ರೆ ಈ ದಾರಿಯ ಒಂದು ತುದಿಯಲ್ಲಿದ್ದರೆ, ಇನ್ನೊಂದು ತುದಿಯಲ್ಲಿ ಪಾಠಶಾಲೆ ಇತ್ತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯಿತು. ಭಾರತದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗ ತೆರೆದ ಮೊದಲ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಅದೂ ಒಂದು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದಿದ್ದ ಎಂ.ವಿ. ಗೋಪಾಲಸ್ವಾಮಿ. ನಮ್ಮಲ್ಲಿ ಬಹಳ ಜನ ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ: 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಆರಂಭಿಸಿದವರು ಅವರೇ. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಆ ಮನೆಯಿಂದ. ಮನಸ್ಸನ್ನು ಓದುವ ಮೇಷ್ಟರೊಬ್ಬರಿಗೆ ದನಿಯನ್ನು ಮನೆಮನೆಗೆ ಮುಟ್ಟಿಸುವ ಆಸೆ ಹುಟ್ಟಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಆದರೆ ವಿಭಾಗದ ಪಾಠ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ, ಕಾಲೇಜಿನ ಗೋಡೆಯೊಳಗೆ. ಮನಸ್ಸಿನ ಮಾತು ಕನ್ನಡದ ಮನೆಗಳಿಗೆ ಬಂದದ್ದು ವಿಜ್ಞಾನಕ್ಕಿಂತ ಮೊದಲು ಸಾಹಿತ್ಯದ ದಾರಿಯಿಂದ. ಮೈಸೂರಿನಲ್ಲಿ ಮನಃಶಾಸ್ತ್ರ ಓದಿದ ತ್ರಿವೇಣಿಯವರು 'ಶರಪಂಜರ' ಬರೆದರು. ಬಾಣಂತನದ ನಂತರ ಮನಸ್ಸಿನ ಸ್ತಿಮಿತ ತಪ್ಪಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮನೆಯೂ ನೆರೆಹೊರೆಯೂ ಮತ್ತೆ ಹೇಗೆ ಮುರಿದುಹಾಕುತ್ತವೆ ಎಂಬುದು ಅದರ ಕತೆ. ತ್ರಿವೇಣಿ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದಾಗ ಓದು ಬರದವರೂ ಆ ಕತೆಯನ್ನು ನೋಡಿದರು. ಕಲ್ಪನಾ ಮಾಡಿದ ಕಾವೇರಿಗಾಗಿ ಅತ್ತವರು ನಮ್ಮ ಅವ್ವಂದಿರೂ ಹೌದು. ಕಾಯಿಲೆಗಿಂತ ಕಾಯಿಲೆಯ ಹೆಸರೇ ಒಬ್ಬಳನ್ನು ಕೊಲ್ಲಬಲ್ಲದು ಎಂದು ಇಷ್ಟು ಸ್ಪಷ್ಟವಾಗಿ ಕನ್ನಡದಲ್ಲಿ ಬೇರೆ ಯಾರೂ ಹೇಳಿರಲಿಲ್ಲ. ಇನ್ನೊಂದು ಕಡೆ 'ಕೊರವಂಜಿ' ಪತ್ರಿಕೆಯಿಂದ ನಾಡನ್ನು ನಗಿಸಿದ ವೈದ್ಯ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, ಮನೋವಿಜ್ಞಾನವನ್ನು ಕುರಿತು 'ಮನಮಂಥನ' ಬರೆದರು. 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅದೇ 1976ರಲ್ಲಿ ನಮ್ಮ ಸೀಮೆಯ ಅಂಚಿನಲ್ಲೇ ಇನ್ನೊಂದು ಕೆಲಸ ನಡೆಯಿತು. ಕನಕಪುರ ತಾಲ್ಲೂಕಿಗೆ ತಾಗಿಕೊಂಡಿರುವ ಆನೇಕಲ್ ತಾಲ್ಲೂಕಿನಲ್ಲಿ, ಬನ್ನೇರುಘಟ್ಟದ ಹತ್ತಿರದ ಸಕಲವಾರ ಎಂಬ ಹಳ್ಳಿಯಲ್ಲಿ, ನಿಮ್ಹಾನ್ಸ್ ಒಂದು ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಅದರ ಹಿಂದಿನ ಲೆಕ್ಕಾಚಾರ ಸರಳ. ಮನೋವೈದ್ಯರು ಕೈಬೆರಳೆಣಿಕೆಯಷ್ಟು, ಹಳ್ಳಿಗಳು ಸಾವಿರಾರು. ವೈದ್ಯರ ಸಂಖ್ಯೆ ಹೆಚ್ಚುವವರೆಗೆ ಕಾಯುತ್ತಾ ಕೂತರೆ ಒಂದು ತಲೆಮಾರು ಕಳೆದುಹೋಗುತ್ತದೆ. ಹಾಗಾಗಿ ಹಳ್ಳಿಗೆ ಆಗಲೇ ಹತ್ತಿರವಿರುವವರಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ, ಗುರುತಿಸುವುದನ್ನೂ ಮೊದಲ ಚಿಕಿತ್ಸೆಯನ್ನೂ ಕಲಿಸೋಣ ಎಂದು ಡಾ. ಆರ್.ಎಲ್. ಕಪೂರ್, ಡಾ. ಮೋಹನ್ ಐಸಾಕ್ ಮುಂತಾದವರು ಹೊರಟರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಾಗ ಈ ಬಗೆಯ ಪ್ರಯೋಗಗಳ ಪಾಠ ಅದರೊಳಗೆ ಸೇರಿತ್ತು. ಆಮೇಲೆ ಇದೇ ಮಾದರಿಯನ್ನು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಿದರು. ಅದರ ಆಧಾರದ ಮೇಲೆ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು.

ಸಕಲವಾರದ ಪಾಠವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ದೂರ ಕಡಿಮೆಯಾಗುವುದು ರೋಗಿ ಆಸ್ಪತ್ರೆಗೆ ನಡೆದು ಬಂದಾಗ ಮಾತ್ರ ಅಲ್ಲ, ಆಸ್ಪತ್ರೆ ತನ್ನ ಕೆಲಸದ ಒಂದು ಪಾಲನ್ನು ರೋಗಿಯ ಪಕ್ಕದಲ್ಲಿರುವವನ ಕೈಗೆ ಕೊಟ್ಟಾಗ.

ಇಲ್ಲಿ ಚನ್ನಪಟ್ಟಣದ ಒಬ್ಬರನ್ನು ನೆನೆಯಲೇಬೇಕು. ಡಾ. ಸಿ.ಆರ್. ಚಂದ್ರಶೇಖರ್ 1948ರಲ್ಲಿ ಚನ್ನಪಟ್ಟಣದಲ್ಲಿ ಹುಟ್ಟಿದವರು. ವೈದ್ಯಕೀಯ ಓದಿ ನಿಮ್ಹಾನ್ಸ್‌ನಲ್ಲಿ ಮನೋವೈದ್ಯ ಪ್ರಾಧ್ಯಾಪಕರಾದರು. ನೂರಾರು ಕನ್ನಡ ಪುಸ್ತಕ ಬರೆದರು. ಕೆಲವು ಬಹಳ ಚಿಕ್ಕವು. ಬಸ್ಸಿನಲ್ಲಿ ಹೋಗುತ್ತಾ ಓದಿ ಮುಗಿಸಬಹುದಾದಂಥವು. ಪರೀಕ್ಷೆಯ ಭಯ, ನಿದ್ದೆ, ನೆನಪು, ಹರೆಯ, ಮೈಮೇಲೆ ಬರುವುದು, ಕುಡಿತ ಹೀಗೆ ಜನ ಕೇಳಲು ನಾಚುವ ವಿಷಯಗಳೇ ಹೆಚ್ಚು. ನಿವೃತ್ತಿಯ ನಂತರ ಬೆಂಗಳೂರಿನ ಅರಕೆರೆಯಲ್ಲಿ 'ಸಮಾಧಾನ' ಎಂಬ ಉಚಿತ ಆಪ್ತಸಲಹಾ ಕೇಂದ್ರ ನಡೆಸಿದರು. ಉಪಾಧ್ಯಾಯರಿಗೂ ಗೃಹಿಣಿಯರಿಗೂ ಆಪ್ತಸಲಹೆಯ ತರಬೇತಿ ಕೊಟ್ಟರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪಿಯುಸಿಯಲ್ಲಿ ಒಂದು ಸಲ ನಪಾಸಾಗಿ, ಮನೆಯವರಿಗೆ ಮುಖ ತೋರಿಸಲಾರದೆ ಗ್ರಂಥಾಲಯದಲ್ಲಿ ದಿನ ಕಳೆಯುತ್ತಿದ್ದ ನನ್ನ ಕೈಗೆ ಸಿಕ್ಕಿದ್ದು ಅವರದೊಂದು ಪುಸ್ತಕವೇ. ಅದರಲ್ಲಿ ಇದ್ದದ್ದು ದೊಡ್ಡ ತತ್ವವಲ್ಲ. ಎದೆ ಹೊಡೆದುಕೊಳ್ಳುವುದು, ಕೈ ಬೆವರುವುದು, ಓದಿದ್ದೆಲ್ಲ ಮರೆತುಹೋಗುವುದು ಬೇರೆಯವರಿಗೂ ಆಗುತ್ತದೆ, ಅದಕ್ಕೆ ಕಾರಣ ಇದೆ, ದಾರಿ ಇದೆ ಎಂದಿತ್ತು. ನನಗೆ ಆಗುತ್ತಿದ್ದುದಕ್ಕೆ ಕನ್ನಡದಲ್ಲಿ ಹೆಸರಿದೆ ಎಂದು ತಿಳಿದದ್ದೇ ಅರ್ಧ ಗುಣ. 'ಆಪ್ತಸಲಹೆ', 'ಆಪ್ತಸಮಾಲೋಚನೆ' ಎಂಬ ಪದಗಳನ್ನು ಕೇಳಿದಾಗಲೆಲ್ಲ ನಾನು ಆ 'ಆಪ್ತ' ಎಂಬ ಮಾತಿನ ಮೇಲೆ ನಿಲ್ಲುತ್ತೇನೆ. ಕೌನ್ಸೆಲಿಂಗ್ ಎಂಬ ಪದದಲ್ಲಿ ಅದು ಇಲ್ಲ. ಸಲಹೆ ಯಾರು ಬೇಕಾದರೂ ಕೊಡುತ್ತಾರೆ, ನಮ್ಮೂರ ಅರಳಿಕಟ್ಟೆಯಲ್ಲಿ ಅದಕ್ಕೇನೂ ಬರವಿಲ್ಲ. ಹತ್ತಿರದವರಾಗಿ ಕೂತು ಮೊದಲು ಕೇಳಿಸಿಕೊಳ್ಳುವುದು ಬೇರೆ ವಿದ್ಯೆ.

ಇನ್ನು ಕಾಲೇಜುಗಳ ಕತೆ. ವಿದ್ಯಾರ್ಥಿಗೆ ಪಾಠದ ಜೊತೆ ಮಾರ್ಗದರ್ಶನ, ಸಮಾಲೋಚನೆ ಬೇಕು ಎಂಬುದು ಹೊಸ ಮಾತಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೇ ಅದನ್ನು ಶಿಕ್ಷಣದ ಅಂಗ ಎಂದು ಕಂಡಿತ್ತು. ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಅದೇ 1964ರಲ್ಲಿ. ಮುಂದೆ ನಮ್ಮ ತಾಲ್ಲೂಕುಗಳ ಪದವಿ ಕಾಲೇಜುಗಳ ಮಕ್ಕಳು ಅದರ ಪದವಿ ಪಡೆದರು. 11ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, ಅಂದರೆ 2007ರ ನಂತರ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದೊಳಗೆ ಶಾಲೆಗಳಲ್ಲಿ ಜೀವನ ಕೌಶಲ, ಕಾಲೇಜುಗಳಲ್ಲಿ ಆಪ್ತಸಮಾಲೋಚನೆ, ಆತ್ಮಹತ್ಯೆ ತಡೆ ಇವನ್ನೂ ಸೇರಿಸಿದರು. ಬೆಂಗಳೂರು ಗ್ರಾಮಾಂತರದಿಂದ ನಾಲ್ಕು ತಾಲ್ಲೂಕು ಬೇರೆಯಾಗಿ ರಾಮನಗರ ಜಿಲ್ಲೆಯಾದದ್ದೂ 2007ರಲ್ಲೇ. ಅಂದರೆ ನನ್ನ ಚೀಟಿಯ ಹೊತ್ತಿಗೆ ಜಿಲ್ಲೆ ಇತ್ತು, ಕಾಗದದ ಮೇಲೆ ಕಾರ್ಯಕ್ರಮವೂ ಇತ್ತು. ನಾನಿದ್ದ ಕಾಲೇಜಿನಲ್ಲೂ ಒಂದು ಸಮಿತಿ ಇತ್ತು, ಅದಕ್ಕೊಂದು ಕಡತ ಇತ್ತು. ಆ ಸಮಿತಿಯ ಸದಸ್ಯರಲ್ಲಿ ನಾನೂ ಒಬ್ಬ! ತನಿಖೆಯ ತಂಡ ಬರುವ ವಾರ ಅದರಲ್ಲಿ ನಡಾವಳಿ ಬರೆಯುತ್ತಿದ್ದೆವು.

ನಮ್ಮ ಮಕ್ಕಳ ಕಷ್ಟ ಯಾವುದು ಎಂಬುದನ್ನು ಆ ಕಡತ ಎಂದೂ ಕೇಳಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಬೆಳಿಗ್ಗೆ ಸೊಪ್ಪು ಕಡಿದು ಹುಳಕ್ಕೆ ಹಾಕಿ, ಬಸ್ಸಿಗೆ ಓಡಿ ಬರುವವರು. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಪದವಿಯಲ್ಲಿ ಇಂಗ್ಲಿಷಿನ ಎದುರು ಬಾಯಿ ಕಟ್ಟಿದವರು. ಪರೀಕ್ಷೆ ಮುಗಿಯುವುದನ್ನೇ ಕಾಯುತ್ತಿರುವ ಮದುವೆಯ ಮಾತುಕತೆಯ ನಡುವೆ ಓದುವ ಹೆಣ್ಣುಮಕ್ಕಳು. ಬೆಂಗಳೂರು ಅಷ್ಟು ಹತ್ತಿರವಿರುವುದೇ ಇವರಿಗೆ ಇನ್ನೊಂದು ಭಾರ. ಅಲ್ಲಿನ ಮಕ್ಕಳ ಜೊತೆ ಹೋಲಿಸಿಕೊಳ್ಳುವಷ್ಟು ಹತ್ತಿರ, ಅವರಂತೆ ಬದುಕಲಾರದಷ್ಟು ದೂರ. ಫೇಲಾದದ್ದನ್ನು ತನ್ನೊಬ್ಬನ ಸೋಲು ಅಂದುಕೊಳ್ಳದೆ ಇಡೀ ಮನೆಯ ಸಾಲ, ಗದ್ದೆ, ಮರ್ಯಾದೆಯ ಸೋಲು ಎಂದುಕೊಳ್ಳುವ ಮಕ್ಕಳು ಇವರು.

ಇದು ನಮ್ಮ ಜಿಲ್ಲೆಯ ಮಾತಷ್ಟೇ ಅಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಅಂದರೆ ಪದವಿಗೆ ಬಂದು ಸೇರುವ ಮೊದಲೇ ಇಷ್ಟು ಮಕ್ಕಳು ಭಾರ ಹೊತ್ತಿರುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044 ಎಂದು ಬರೆದಿದೆ. ಇತಿಹಾಸದ ಪಾಠದಲ್ಲಿ ಯುದ್ಧದ ಸಾವುಗಳನ್ನು ಓದಿ ಹೇಳಿದಷ್ಟು ಸಲೀಸಾಗಿ ಈ ಸಂಖ್ಯೆಯನ್ನು ನನಗೆ ಓದಲಾಗುವುದಿಲ್ಲ. ಇದರಲ್ಲಿ ಒಂದೊಂದೂ ಯಾರದೋ ಹಾಜರಿ ಪುಸ್ತಕದಲ್ಲಿದ್ದ ಹೆಸರು.

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ದೂರ ಸ್ವಲ್ಪ ಸ್ವಲ್ಪವೇ ಕಡಿಮೆಯಾಗಿದೆ. ರಾಜ್ಯ ಸರಕಾರದ 'ಮನೋಚೈತನ್ಯ' ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಾಯಿತು. ಇದರ ಬೆಲೆ ಹಳ್ಳಿಯವರಿಗೆ ಮಾತ್ರ ಗೊತ್ತು. ತಾಲ್ಲೂಕು ಆಸ್ಪತ್ರೆಗೆ ಹೋಗುವವನನ್ನು "ಏನು ಕಾಯಿಲೆ" ಎಂದು ಯಾರೂ ವಿಶೇಷವಾಗಿ ಕೇಳುವುದಿಲ್ಲ. ಜ್ವರ, ಕೆಮ್ಮು, ಹಲ್ಲುನೋವಿನವರ ಸಾಲಿನಲ್ಲಿ ಅವನೂ ಒಬ್ಬ. ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ 'ಯುವ ಸ್ಪಂದನ' ನಡೆಸುತ್ತಿದೆ. ಅದರ ಕೇಂದ್ರಗಳನ್ನು ಇಟ್ಟಿರುವುದು ಆಸ್ಪತ್ರೆಯಲ್ಲಲ್ಲ, ಜಿಲ್ಲಾ ಕ್ರೀಡಾಂಗಣಗಳಲ್ಲಿ. ಆಟದ ಮೈದಾನಕ್ಕೆ ಹೋಗಲು ಯಾವ ಹುಡುಗನಿಗೂ ನಾಚಿಕೆಯಿಲ್ಲ. ಅಲ್ಲಿ ಮಾತಾಡಿಸುವ 'ಯುವ ಪರಿವರ್ತಕ'ರು ತರಬೇತಿ ಪಡೆದ ಆಯಾ ಜಿಲ್ಲೆಯ ಯುವಕ ಯುವತಿಯರೇ. ಆತ್ಮಹತ್ಯೆ ತಡೆಗೆಂದು ನಿಮ್ಹಾನ್ಸ್ ಕೈಗೊಂಡ 'ಸುರಕ್ಷಾ' ಯೋಜನೆಗೆ ಆರಿಸಿಕೊಂಡದ್ದು ನಮ್ಮ ಚನ್ನಪಟ್ಟಣ ತಾಲ್ಲೂಕನ್ನು. ಇಂಥ ಕೆಲಸದಲ್ಲಿ 'ಗೇಟ್‌ಕೀಪರ್' ಎಂಬ ಒಂದು ಮಾತು ಬಳಸುತ್ತಾರೆ: ಸಂಕಟದಲ್ಲಿರುವವರನ್ನು ಎಲ್ಲರಿಗಿಂತ ಮೊದಲು ನೋಡುವ ಜಾಗದಲ್ಲಿರುವ ಮೇಷ್ಟರು, ಆಶಾ ಕಾರ್ಯಕರ್ತೆ, ಹಾಸ್ಟೆಲ್ ವಾರ್ಡನ್, ಗೆಳೆಯ. ಗುರುತಿಸುವುದು, ನೇರವಾಗಿ ಕೇಳುವುದು, ಸಹಾಯದ ಜಾಗಕ್ಕೆ ತಲುಪಿಸುವುದು ಇವರಿಗೆ ಕಲಿಸುವ ಮೂರು ಕೆಲಸ. ಸಕಲವಾರದಲ್ಲಿ ಕಲಿತ ಪಾಠವೇ ಇದು.

ಕಾನೂನೂ ಸರಿದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂತು. ಚಿಕಿತ್ಸೆ ಪಡೆಯುವುದು ಹಕ್ಕು ಎಂದಿತು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದು ಭಾವಿಸಬೇಕೇ ಹೊರತು ಶಿಕ್ಷಿಸಬಾರದು ಎಂದಿತು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಸಹಾಯವಾಣಿ ಶುರುವಾಯಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಬೆಂಗಳೂರಿನ ಬಸ್ ಚಾರ್ಜೂ ಅಡ್ಡಿಯಲ್ಲ.

2025ರಲ್ಲಿ ಸುಪ್ರೀಂ ಕೋರ್ಟು ಎರಡು ಸಲ ಈ ವಿಷಯಕ್ಕೆ ಬಂತು. ಮಾರ್ಚ್ 24ರಂದು, ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆ ನೇಮಿಸಿತು. ಜುಲೈ 25ರಂದು, ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಸಾವಿನ ಮೊಕದ್ದಮೆಯಲ್ಲಿ, ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರು ಇರಬೇಕು. ಬೋಧಕರಿಗೂ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ತರಬೇತಿಯಾಗಬೇಕು. ಸಹಾಯವಾಣಿಯ ನಂಬರುಗಳು ಹಾಸ್ಟೆಲು, ತರಗತಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕು.

ಇದನ್ನೆಲ್ಲ ಓದಿದಾಗ ನನಗೆ ಸಂತೋಷದ ಜೊತೆಗೆ ಅಳುಕೂ ಆಗುತ್ತದೆ. ಕಡತದೊಳಗಿನ ಸಮಿತಿಯನ್ನು ನಾನು ಬಲ್ಲೆ. ಅರ್ಹತೆಯಿರುವ ಒಬ್ಬರನ್ನು ನೇಮಿಸಿ, ಕಾರಿಡಾರಿನ ಕೊನೆಯ ಕೋಣೆಗೆ ಬೋರ್ಡು ಹಾಕಿ, ನಾವು ಮಿಕ್ಕವರು ಜವಾಬ್ದಾರಿ ಮುಗಿಯಿತೆಂದು ಕೂತರೆ, ಆ ಕೋಣೆಗೂ ತರಗತಿಗೂ ನಡುವಿನ 50 ಹೆಜ್ಜೆ ನನ್ನ ವಿದ್ಯಾರ್ಥಿಗೆ 50 ಕಿಲೋಮೀಟರಿನಷ್ಟೇ ಆಗುತ್ತದೆ. 1847ರಿಂದ ಇಲ್ಲಿಯವರೆಗಿನ ಈ ಕತೆಯಲ್ಲಿ ಏನಾದರೂ ಕೆಲಸ ಮಾಡಿದ್ದರೆ ಅದು ಪ್ರತಿ ಸಲವೂ ಒಂದೇ ರೀತಿಯಲ್ಲಿ: ತಜ್ಞರು ಇಳಿದು ಬಂದರು, ಪಕ್ಕದವರು ಎದ್ದು ಹೋದರು, ಇಬ್ಬರೂ ಆಡಿದ್ದು ಕನ್ನಡ. ಬೇರೆ ಯಾವುದರಿಂದಲೂ ದೂರ ಸವೆದದ್ದನ್ನು ನಾನು ಕಂಡಿಲ್ಲ.

ಆ ಹುಡುಗ ಏನಾದ ಎಂದು ನೀವು ಕೇಳಬಹುದು. ನಾಲ್ಕೈದು ವರ್ಷದ ನಂತರ ರಾಮನಗರದ ಗೂಡಿನ ಮಾರುಕಟ್ಟೆಯ ಹೊರಗೆ ಸಿಕ್ಕಿದ. ಮೊದಲು ಗುರುತಿಸಿದ್ದು ಅವನೇ. ಮೈ ತುಂಬಿಕೊಂಡಿದ್ದ. ಗೂಡು ಹರಾಜಿಗೆ ಹಾಕಿ ಬಂದಿದ್ದೇನೆ ಎಂದ. ಇಬ್ಬರೂ ಟೀ ಅಂಗಡಿಯಲ್ಲಿ ಕೂತೆವು. ಎರಡು ವರ್ಷ ದೇವರು, ದಿಂಡರು, ತಾಯಿತ ಎಲ್ಲಾ ಆಯಿತಂತೆ. ಆಮೇಲೆ ಅವರ ಊರಿನ ಆಶಾ ಕಾರ್ಯಕರ್ತೆ, ಅವನಿಗೆ ದೊಡ್ಡಮ್ಮನಾಗಬೇಕು, ಒಂದು ಮಂಗಳವಾರ ಅವನನ್ನೂ ತಾಯಿಯನ್ನೂ ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದರಂತೆ. ಮಾತ್ರೆ, ಮಾತು ಎರಡೂ ಸೇರಿ ಏಳೆಂಟು ತಿಂಗಳಲ್ಲಿ ಮನುಷ್ಯನಾದೆ ಸಾ ಎಂದ. ಓದು ಮಾತ್ರ ಅಲ್ಲಿಗೇ ನಿಂತಿತ್ತು.

"ನಿಮ್ಮವ್ವನ ಕೈಲಿ ಅವತ್ತು ಒಂದು ಚೀಟಿ ಕೊಟ್ಟಿದ್ದೆ" ಎಂದೆ. ಯಾಕೆ ಹೇಳಿದೆನೋ, ನನ್ನ ತಪ್ಪಿಲ್ಲ ಎಂದು ಅವನ ಬಾಯಿಂದ ಕೇಳುವ ಆಸೆಯಿತ್ತೇನೋ.

"ಹೂಂ ಸಾ, ಕೊಟ್ಟಿದ್ರಿ. ಅವ್ವ ಬಲ್ ದಿನ ಇಟ್ಕೊಂಡಿತ್ತು" ಎಂದ. ಟೀ ಲೋಟ ಕೆಳಗಿಟ್ಟು ನಿಧಾನಕ್ಕೆ, ಯಾವ ಆಕ್ಷೇಪಣೆಯೂ ಇಲ್ಲದೆ ಹೇಳಿದ: "ನೀವೂ ಜೊತೇಲಿ ಬಂದಿದ್ರೆ ಹೋಯ್ತಿದ್ವೇನೋ ಸಾ."

ಆ ಮಾತಿನ ಮೇಲೆ ನಾನು ಚೀಟಿ ಬರೆದುಕೊಡುವುದನ್ನು ಬಿಟ್ಟಿದ್ದೇನೆ. ಹಾಜರಿ ಪುಸ್ತಕದಲ್ಲಿ ಯಾರ ಹೆಸರಿನ ಎದುರಾದರೂ ಸಾಲಾಗಿ ಮೂರು ದಿನ ಗೈರು ಬಿದ್ದರೆ, ನೋಟಿಸಿಗೆ ಮೊದಲು ಒಂದು ಫೋನು ಹೋಗುತ್ತದೆ. "ಯಾಕೆ ಬರ್ತಿಲ್ಲ" ಎಂದು ಕೇಳುವುದಿಲ್ಲ. "ಹೇಗಿದ್ದೀಯಪ್ಪಾ" ಎಂದು ಕೇಳುತ್ತೇನೆ. ಕೆಲವರು "ಏನಿಲ್ಲ ಸಾ" ಎನ್ನುತ್ತಾರೆ. ಮಾರನೆಯ ದಿನ ಇನ್ನೊಮ್ಮೆ ಕೇಳುತ್ತೇನೆ. ಅವರ ಗೆಳೆಯರನ್ನು ಕರೆದು, ಅವನನ್ನು ಒಂಟಿಯಾಗಿ ಬಿಡಬೇಡಿ ಎನ್ನುತ್ತೇನೆ. 14416 ನನ್ನ ತರಗತಿಯ ಕರಿಹಲಗೆಯ ಮೂಲೆಯಲ್ಲಿ ಸದಾ ಇರುತ್ತದೆ; ಒರೆಸುವವರು ಅದೊಂದನ್ನು ಬಿಟ್ಟು ಒರೆಸುತ್ತಾರೆ. ನನ್ನ ಕೈಲಿ ಚಿಕಿತ್ಸೆಯಿಲ್ಲ, ನಾನು ಇತಿಹಾಸದ ಮೇಷ್ಟ್ರು. ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಮಂಗಳವಾರ ಜೊತೆಯಲ್ಲಿ ಕೂರಲು ಮಾತ್ರ ಬರುತ್ತದೆ.

ಹೋದ ತಿಂಗಳು ಹಾಗೆ ಕೂತಿದ್ದೆ. ಪಕ್ಕದಲ್ಲಿ ಅಂತಿಮ ವರ್ಷದ ಒಬ್ಬ ಹುಡುಗಿ, ಅವಳ ಪಕ್ಕ ಅವಳ ಗೆಳತಿ. ಚೀಟಿಯ ನಂಬರು ಕೂಗುವವರೆಗೆ ಮೂವರೂ ಪರೀಕ್ಷೆಯ ವೇಳಾಪಟ್ಟಿಯ ಮಾತಾಡಿದೆವು. ನಂಬರು ಬಂದಾಗ ಅವಳು ಎದ್ದು, ಬಾಗಿಲವರೆಗೆ ಹೋಗಿ, ತಿರುಗಿ ನೋಡಿದಳು. ನಾವಿಬ್ಬರೂ ಅಲ್ಲೇ ಇದ್ದೆವು. ಅವಳು ಒಳಗೆ ಹೋದಳು.